ಸಾಬೂನು ಪೆಟ್ಟಿಗೆಯ ತಳದ ಕತ್ತಿ

ಮಂಗಳವಾರ, ಮಧ್ಯಾಹ್ನ

ಮುದ್ದು ಮಗಳೇ,

ಕ್ಷೇಮಸಮಾಚಾರ ಆಮೇಲೆ, ಮೊದಲು ವಿಷಯ. ನಿಮ್ಮಪ್ಪ ಎದುರಿಗೇ ಕೂತು ಬರೆಸುತ್ತಿದ್ದಾರೆ.

ನಮ್ಮ ಮೇಲೆ ಯಾರೋ ಅರ್ಜಿ ಹಾಕಿದ್ದಾರೆ. ಕ್ಷೌರದವರು ಗಡ್ಡ, ತಲೆಗೂದಲು ನೋಡಿಕೊಂಡಿರಬೇಕು, ಮೈಗೆ ಕತ್ತಿ ಹಾಕುವುದು ಪರೀಕ್ಷೆ ಪಾಸಾದ ಶಸ್ತ್ರವೈದ್ಯರು ಮಾತ್ರ ಎಂಬ ಹೊಸ ಕಾನೂನು ಬಂದಿದೆಯಲ್ಲ. ಆದರೂ ನಿಮ್ಮಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುರು ಕೊಯ್ಯುತ್ತಾರೆ, ಗಾಯ ಹೊಲಿಯುತ್ತಾರೆ ಎಂದು ಅರ್ಜಿಯಲ್ಲಿದೆ. ಶುಕ್ರವಾರ ತಪಾಸಣೆಯಂತೆ. ಸಿಕ್ಕರೆ ಕತ್ತಿಗಳನ್ನೆಲ್ಲ ಒಯ್ಯುತ್ತಾರೆ. ಮೂವತ್ತು ವರ್ಷದ ಕಸುಬು ಅಲ್ಲಿಗೆ ಮುಗಿಯಿತು.

ಬರೆದವನು ನಿನ್ನ ಗಂಡನೇ ಅಂತ ಇವರ ಪಟ್ಟು. ಕಚೇರಿಯ ಗುಮಾಸ್ತ ಗಡ್ಡಕ್ಕೆ ಬಂದಾಗ ಅರ್ಜಿ ತಂದಿದ್ದ. ಅವನಿಂದಲೇ ಓದಿಸಿ ಕೇಳಿದರು. ಕತ್ತಿಗಳು ಏಳು, ಸಣ್ಣದು ಸಾಬೂನು ಪೆಟ್ಟಿಗೆಯ ತಳದಲ್ಲಿದೆ ಎಂದಿತ್ತು. ಮನೆಯವರಿಗಲ್ಲದೆ ಯಾರಿಗೆ ಗೊತ್ತು ಇದೆಲ್ಲ ಎನ್ನುತ್ತಾರೆ. ಮೇಲಾಗಿ ಅಕ್ಷರಗಳು ಎಡಗೈಯಲ್ಲಿ ಬರೆದಂತೆ ವಾಲಿದ್ದವಂತೆ. ಅಳಿಯಂದಿರಿಗೆ ಎಡಗೈಯಲ್ಲಿ ಹೊಲಿಯುವುದನ್ನು ಕಲಿಸಿದ್ದು ಇವರೇ ತಾನೆ? ನನ್ನ ಹತ್ತಿರ ಕಲಿತು, ಪರೀಕ್ಷೆ ಪಾಸು ಮಾಡಿ, ನನ್ನ ಕುತ್ತಿಗೆಗೇ ಬಂದ ಎಂದು ಕುದಿಯುತ್ತಿದ್ದಾರೆ.

ಈಗ ಗಡ್ಡಕ್ಕೆ ಬಂದವರನ್ನೆಲ್ಲ ಕನ್ನಡಿಯಲ್ಲಿ ದಿಟ್ಟಿಸುತ್ತಾರೆ. ಕತ್ತಿಗಳ ಜಾಗ ಮೂರು ಸಲ ಬದಲಾಯಿಸಿದರು. ಎಲ್ಲಿವೆ ಅಂತ ನನಗೂ ಹೇಳುತ್ತಿಲ್ಲ. ನಿನ್ನ ಗಂಡನನ್ನು ಕೇಳಿ ನಿಜ ಬರೆ ಎನ್ನುತ್ತಿದ್ದಾರೆ. ಅಲ್ಲಿಯವರೆಗೆ ಅವನು ಈ ಹೊಸ್ತಿಲು ತುಳಿಯಬಾರದಂತೆ.

ಎಂದಿನಂತೆ ನಿನ್ನನ್ನೇ ನೆನೆಯುವ,
ಅಮ್ಮ

ತಾ.ಕ.: ಮೇಲಿನದನ್ನು ಓದಿಸಿ ಕೇಳಿ, ಸರಿಯಾಗಿದೆ ಅಂದರು. ಇನ್ನು ಕೆಳಗಿನದು ನನ್ನದು. ಇನ್ನೂ ಏನು ಗೀಚುತ್ತಿದ್ದೀ ಅಂದರು, ಕ್ಷೇಮಸಮಾಚಾರ ಅಂದೆ.

ಅರ್ಜಿ ಬರೆದದ್ದು ನಾನು. ಅಳಿಯಂದಿರು ಎಡಗೈ ಹೊಲಿಗೆ ಕಲಿಯುವಾಗ ದೀಪ ಹಿಡಿದು ನಿಂತವಳು ನಾನೇ ಅಲ್ಲವೇ, ನೋಡಿ ನೋಡಿ ನನಗೂ ಎಡಗೈ ಪಳಗಿತು. ನನ್ನ ಅಕ್ಷರವೆಂದು ಯಾರಿಗೂ ಗುರುತು ಸಿಗದಿರಲಿ ಅಂತ ಅರ್ಜಿಯನ್ನೂ ಅದರಲ್ಲೇ ಬರೆದೆ. ನಿಮ್ಮಪ್ಪನ ಕಣ್ಣು ಹೋಗುತ್ತಿದೆ ಮಗಳೇ. ಗಡ್ಡಕ್ಕೆ ಬೆರಳಿನ ಅಂದಾಜು ಸಾಕು, ಕುರುವಿಗೆ ಸಾಲದು. ಹೋದ ತಿಂಗಳು ಬೇಕರಿಯವನ ಕುತ್ತಿಗೆಯಲ್ಲಿ ಕತ್ತಿ ಆಳಕ್ಕೆ ಇಳಿದುಬಿಟ್ಟಿತು. ಒತ್ತಿ ಹಿಡಿದು ಹೊಲಿದವಳು ನಾನು. ಅವನೇನೋ ಉಳಿದ. ಇಷ್ಟಾದರೂ ಕಣ್ಣು ಕಾಣುವುದಿಲ್ಲವೆಂದು ಇವರು ಬಾಯಿ ಬಿಡುವುದಿಲ್ಲ. ಕಾನೂನು ಕಿತ್ತುಕೊಂಡಿತು ಅಂದುಕೊಂಡಾದರೂ ಕತ್ತಿ ಕೆಳಗಿಡಲಿ.

ಬೈಗುಳವನ್ನು ಅಳಿಯಂದಿರು ಹೊತ್ತುಕೊಳ್ಳಲಿ, ನನ್ನ ಪರವಾಗಿ ನೀನೇ ಅವರನ್ನು ಕೇಳಿಕೋ. ಅವರ ಮೇಲಿನ ಕೋಪ ಇಂದಲ್ಲ ನಾಳೆ ಇಳಿದೀತು. ನಾನೆಂದು ಗೊತ್ತಾದರೆ, ಮುಂದೆ ಕಣ್ಣು ಪೂರ್ತಿ ಕತ್ತಲಾದಾಗ ನಿಮ್ಮಪ್ಪ ಯಾರ ಕೈ ಹಿಡಿದು ನಡೆಯುತ್ತಾರೆ?