ಸಾಣೆ ಹುಚ್ಚಪ್ಪನ ಕಟ್ಟೆಯ ವಿಳಾಸ ಕೋರಿ

ನೀರು ನಿಂತ ನೂರಾ ಹದಿನಾಲ್ಕನೇ ವರ್ಷ,
ಎರಡನೇ ಶ್ರಾವಣದ ಮೂವತ್ತಮೂರನೇ ದಿನ, ಬುಧವಾರ.

ನೇಸರಗಟ್ಟಿಯ ಈಗಿನ ನಿವಾಸಿಗಳಿಗೆ, ನಿಮ್ಮ ಊರಿನ ಮೇಲೆ ಬದುಕುತ್ತಿರುವ ಸುಲೋಚನಾ ಅಂಬಿಗೇರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕಾಗದವನ್ನು ಮಡಚಿ ಇಡಬೇಡಿ. ನಿಮ್ಮ ಪಂಚಾಂಗದಲ್ಲಿ ಯಾವ ತಿಂಗಳಿಗೂ ಮೂವತ್ತಮೂರು ದಿನ ಇರುವುದಿಲ್ಲವೆಂದು ನನಗೆ ಗೊತ್ತು. ಗುಡ್ಡದ ಪಾವಟಿಗೆಗಳ ಮೇಲೆ ನೀರು ಒಂದು ಮೆಟ್ಟಿಲು ಏರಿದಾಗ ಅಥವಾ ಇಳಿದಾಗ ನಮ್ಮಲ್ಲಿ ತಿಂಗಳು ಮುಗಿಯುತ್ತದೆ. ಈ ಸಲ ನೀರಿಗೆ ಅವಸರವಿಲ್ಲ, ಹಾಗಾಗಿ ಶ್ರಾವಣ ಇನ್ನೂ ನಡೆದೇ ಇದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆಪತ್ತಿನ ಕರೆಗಳನ್ನು ನೋಡಿಕೊಳ್ಳುವ ಕರೆಮಂಡಳಿಗೆ ಹದಿನಾರು ವರ್ಷ ಅಧ್ಯಕ್ಷೆಯಾಗಿ ನಿಯಮಗಳನ್ನು ಬರೆದವಳು ನಾನು. ನನ್ನ ಕನ್ನಡದಿಂದ ಕಚೇರಿಯ ವಾಸನೆ ಹೋಗಿಲ್ಲವೆಂದು ಮನೆಯವರೇ ಹೇಳುತ್ತಾರೆ.

ನಿಮ್ಮ ಊರು ಮುಳುಗುತ್ತದೆ ಎಂಬುದನ್ನು ಹೀಗೆ ಎದುರಿಗೇ ಹೇಳಬಾರದಿತ್ತು. ಆದರೆ ಗಾಬರಿಯಾಗಬೇಡಿ, ಆ ನೀರಿಗೆ ಯಾರೂ ಬಲಿಯಾಗುವುದಿಲ್ಲ. ಅದು ಬರಲು ಮೂರು ವರ್ಷ ತೆಗೆದುಕೊಳ್ಳುತ್ತದೆ, ನೀವು ಗಂಟುಮೂಟೆ ಕಟ್ಟಿಕೊಂಡು, ಒಂದಷ್ಟು ಜಗಳವಾಡಿ, ಗುಡ್ಡ ಹತ್ತುತ್ತೀರಿ. ಗುಡ್ಡದಲ್ಲಿ ಜಾಗ ಸಾಲದವರು ತೆಪ್ಪಗಳ ಮೇಲೆ ಮನೆ ಕಟ್ಟುತ್ತಾರೆ. ನಾವು ಆ ತೆಪ್ಪದವರ ಮೊಮ್ಮಕ್ಕಳ ಮೊಮ್ಮಕ್ಕಳು. ಗಾಳಿಯಿಲ್ಲದ ಮಧ್ಯಾಹ್ನ ದೋಣಿಯ ಅಂಚಿನಿಂದ ಬಗ್ಗಿ ನೋಡಿದರೆ ನಿಮ್ಮ ಮಾಳಿಗೆಗಳು ಹಸಿರಾಗಿ, ಮಸುಕಾಗಿ ಕಾಣುತ್ತವೆ. ಬೀದಿಗಳಲ್ಲಿ ಮೀನು ಓಡಾಡುತ್ತವೆ. ಚಾವಡಿಯ ಬಾಗಿಲು ತೆರೆದೇ ಇದೆ, ಯಾರೋ ಈಗಷ್ಟೇ ಒಳಗೆ ಹೋದಂತೆ. ನಿಮ್ಮ ಅಂಚೆ ಕಚೇರಿಯ ನೇರಕ್ಕೆ ನೀರಿನ ಮೇಲೆ ಹಳದಿ ಬಳಿದ ಒಂದು ಸೋರೆಬುರುಡೆ ತೇಲಿಬಿಟ್ಟಿದ್ದೇವೆ. ಕೆಳಗಿನವರಿಗೆ ಕಾಗದ ಬರೆಯಬೇಕಾದವರು ಅದನ್ನು ಕುಡಿಕೆಯಲ್ಲಿಟ್ಟು, ಬಾಯಿಗೆ ಮೇಣ ಹಚ್ಚಿ, ಅಲ್ಲಿಂದ ಇಳಿಬಿಡುವುದು ನಮ್ಮ ರೂಢಿ. ಅದು ಯಾವ ವರ್ಷಕ್ಕೆ ಮುಟ್ಟುತ್ತದೆ ಎಂಬುದು ನಿಮ್ಮ ಅಂಚೆಯವನಿಗೆ ಬಿಟ್ಟ ವಿಚಾರ.

ಬಯಲು ನೀರಿನಲ್ಲಿ ದಿಕ್ಕು ಹೇಳಲು ಗಿಡವಿಲ್ಲ, ಕಂಬವಿಲ್ಲ. ಆದ್ದರಿಂದ ನಮ್ಮವರು ತಳಹೆಸರುಗಳನ್ನು ಬಳಸುತ್ತಾರೆ. ಅಂದರೆ, ದೋಣಿಯ ಕೆಳಗೆ ನಿಮ್ಮ ಊರಿನ ಯಾವ ಜಾಗವಿದೆಯೋ ಆ ಹೆಸರು. ಬಲೆ ಬೀಸುವವರು ಹತ್ತಿ ಪೇಟೆಯ ಮೇಲೆ ಬೀಸುತ್ತಾರೆ, ನವದಂಪತಿಗಳು ಸಂಜೆ ಟಾಕೀಜಿನ ಮೇಲೆ ಹೋಗಿ ಬರುತ್ತಾರೆ, ಸೋಮವಾರದ ದೋಣಿಸಂತೆ ಈಗಲೂ ನಿಮ್ಮ ಸಂತೆಯ ಕಟ್ಟೆಗಳ ಮೇಲೆಯೇ ಕೂಡುತ್ತದೆ. ನಿಮ್ಮ ಕಾಲದಲ್ಲಿ ಫೋನು ತಾನಿರುವ ಜಾಗವನ್ನು ತಾನೇ ಹೇಳುತ್ತಿತ್ತಂತೆ. ಅದಕ್ಕೆ ಆಕಾಶದಿಂದ ದಾರಿ ತೋರುತ್ತಿದ್ದ ದೀಪಗಳು ಆರಿ ಬಹಳ ಕಾಲವಾಯಿತು. ನಮ್ಮ ಫೋನು ಕೊರಳಗುಂಡು, ತಾಳಿಗುಂಡಿಗಿಂತ ತುಸು ದಪ್ಪನೆಯದು, ಕೊರಳಲ್ಲಿ ನೇತಾಡುತ್ತದೆ. ಅದು ಮಾತು ಒಯ್ಯುತ್ತದೆ, ಜಾಗ ಹೇಳುವುದಿಲ್ಲ. ಜಾಗವನ್ನು ಮನುಷ್ಯರೇ ಹೇಳಬೇಕು, ಕೇಳಿದವರಿಗೆ ಅದು ಗೊತ್ತಿರಬೇಕು.

ಈ ಕೇಳುವ ಕೆಲಸಕ್ಕಾಗಿ ಗುಡ್ಡದ ಬುಡದಲ್ಲಿ ಕೇಳುಮನೆ ಎಂಬುದೊಂದಿದೆ. ಆಪತ್ತಿನಲ್ಲಿರುವವರು ಗುಂಡನ್ನು ಎರಡು ಸಲ ಅದುಮಿದರೆ ಕರೆ ಅಲ್ಲಿಗೆ ಹೋಗುತ್ತದೆ, ಕೇಳಿದವರು ರಕ್ಷಣೆಯ ದೋಣಿಯನ್ನು ಕಳಿಸುತ್ತಾರೆ. ಇದರ ಖರ್ಚು ಚಂದಾದಾರರದೇ. ಗುಂಡು ಪಡೆದ ಪ್ರತಿ ಮನೆಯೂ ದೋಣಿಯ ಎಣ್ಣೆಗೆಂದು ತಿಂಗಳಿಗೆ ಸಣ್ಣದೊಂದು ಮೊತ್ತ ಕೊಡುತ್ತದೆ. ಅದರ ಜೊತೆಗೆ ಕಿವಿಪಾಲು ಎಂಬುದಿತ್ತು. ಮನೆಯವರೊಬ್ಬರು ತಿಂಗಳಲ್ಲಿ ಒಂದು ಮಧ್ಯಾಹ್ನವೋ ಬೆಳಿಗ್ಗೆಯೋ ಕೇಳುಮನೆಯಲ್ಲಿ ಕೂತು ಕರೆಗಳಿಗೆ ಕಿವಿಕೊಡಬೇಕು. ಇಬ್ಬಿಬ್ಬರಾಗಿ ಕೂಡಬೇಕೆಂದು ನಿಯಮ, ಒಬ್ಬರು ತೂಕಡಿಸಿದರೆ ಇನ್ನೊಬ್ಬರು ಎಚ್ಚರವಿರಲೆಂದು. ಪಾಲು ಕೊಡಲಾಗದ ಮನೆಯ ಕರೆಯನ್ನೂ ಮೊದಲು ಕೇಳಬೇಕು, ಲೆಕ್ಕವನ್ನು ಆಮೇಲೆ ಕೇಳಬೇಕು ಎಂಬುದೂ ಹಿರಿಯರು ಹಾಕಿಕೊಟ್ಟ ನಿಯಮ. ಅದನ್ನು ಮಾತ್ರ ನಾನು ಮುಟ್ಟಲಿಲ್ಲ.

ನಮ್ಮವ್ವ ಫಕೀರವ್ವ ಮತ್ತು ಅವಳ ಗೆಳತಿ ಮಾಬೂಬಿ ಕೊಡಬೇಕಾದದ್ದು ತಿಂಗಳಿಗೆ ಒಂದೇ ಮಧ್ಯಾಹ್ನ. ಆದರೆ ಅವರು ಪ್ರತಿ ಬುಧವಾರ ಬಂದು ಕೂಡುತ್ತಿದ್ದರು, ಯಾರದೋ ಪಾಳಿಯನ್ನು ಬೇಡಿ ಪಡೆದಾದರೂ. ವರ್ಷಕ್ಕೆ ಹತ್ತೋ ಹನ್ನೊಂದೋ ಕರೆ ಬರುವ ಜಾಗದಲ್ಲಿ ಉಳಿದ ಹೊತ್ತೆಲ್ಲ ಮಾತು. ಆ ಮಾತಾದರೂ ಏನು? ಗಾಣದ ಓಣಿಯಲ್ಲಿ ಮೊದಲು ಬರುವುದು ಬಳೆಗಾರನ ಅಂಗಡಿಯೋ ದರ್ಜಿಯದೋ, ಮಸೀದಿಯ ಹಿಂದಿನ ಬೇವಿನ ಗಿಡದಿಂದ ಭಾವಿಗೆ ಎಷ್ಟು ಹೆಜ್ಜೆ. ಇಬ್ಬರೂ ಕಣ್ಣಿಂದ ಕಾಣದ ಊರಿನ ಬಗ್ಗೆ ಇಬ್ಬರೂ ಪಟ್ಟು ಬಿಡದೆ ಜಗಳವಾಡುತ್ತಿದ್ದರು. ಒಂಬತ್ತು ವರ್ಷದವಳಿದ್ದಾಗ ಗುಡ್ಡ ಹತ್ತಿದ ಅಜ್ಜಿಯಿಂದ ಅವ್ವನಿಗೆ ಆ ಊರು ಬಂದಿತ್ತು, ಟಾಂಗಾ ಹೊಡೆಯುತ್ತಿದ್ದ ಅಜ್ಜನಿಂದ ಮಾಬೂಬಿಗೆ. ನಾನು ಅದನ್ನು ಮುದುಕಿಯರ ಹರಟೆ ಎಂದುಕೊಂಡಿದ್ದೆ. ಎಳೆಯ ವಯಸ್ಸಿನಲ್ಲಿ ಅವರ ಪಕ್ಕದ ಚಾಪೆಯ ಮೇಲೆ ಎಷ್ಟೋ ಬುಧವಾರ ನಿದ್ದೆ ಮಾಡಿದ್ದೇನೆ. ಇವತ್ತು ನನಗೆ ಆ ನಿದ್ದೆಯ ಮೇಲೆ ಸಿಟ್ಟು ಬರುತ್ತದೆ.

ಆರು ವರ್ಷಗಳ ಹಿಂದೆ ಬದಲಿಪಾಲಿನ ನಿಯಮವನ್ನು ತಂದವಳು ನಾನೇ. ಅದರಲ್ಲಿ ಕೇಡಿನ ಯೋಚನೆ ಇರಲಿಲ್ಲ ಎಂಬುದನ್ನು ದಯವಿಟ್ಟು ನಂಬಿ. ನೇಯುವ ಮನೆಗಳಿಗೆ ಹಗಲು ಹಾಳಾಗುತ್ತಿತ್ತು, ಬಾಣಂತಿಯರಿಗೆ ಕಷ್ಟವಾಗುತ್ತಿತ್ತು. ಒಮ್ಮೆಯಂತೂ ಕರೆ ಮಾಡಿದವನಿಗೆ ಈ ಕಡೆಯಿಂದ ಕೇಳಿಸಿದ್ದು ಜೋಡಿ ಗೊರಕೆ. ಕಿವಿಪಾಲಿನ ಬದಲು ಸ್ವಲ್ಪ ಹೆಚ್ಚಿನ ಶುಲ್ಕ ಕೊಟ್ಟರೆ ಸಾಕು, ಕರೆಗಳನ್ನು ಮೇಲುನಾಡಿನ ದೊಡ್ಡ ಕೇಂದ್ರದವರು ಕೇಳಿಕೊಂಡು ನಮ್ಮ ದೋಣಿಯವರಿಗೆ ಹೇಳುತ್ತಾರೆ ಎಂದು ಬರೆದೆ. ಅಲ್ಲಿ ತರಬೇತಿ ಪಡೆದವರಿದ್ದರು, ನಕ್ಷೆಗಳಿದ್ದವು, ಯಾರೂ ಗೊರಕೆ ಹೊಡೆಯುತ್ತಿರಲಿಲ್ಲ. ಸಭೆಯಲ್ಲಿ ಎದ್ದುನಿಂತು ಬೇಡವೆಂದವಳು ಅವ್ವ ಒಬ್ಬಳೇ. ಕಾರಣ ಕೇಳಿದೆ.

"ಹಂಗಾರ ನಾನೂ ಮಾಬೂಬಿ ಎಲ್ಲಿ ಕುಂತು ಮಾತಾಡೂದು?" ಅಂದಳು.

ಸಭೆ ನಕ್ಕಿತು. ನಾನೂ ನಕ್ಕೆ. ನಡಾವಳಿ ಪುಸ್ತಕದಲ್ಲಿ ಅವಳ ಆಕ್ಷೇಪವನ್ನು "ವೈಯಕ್ತಿಕ ಅನಾನುಕೂಲ" ಎಂದು ದಾಖಲಿಸಿದೆ. ಮೊದಲ ತಿಂಗಳೇ ನಮ್ಮ ಮನೆಯ ಬದಲಿಪಾಲನ್ನೂ ಕಟ್ಟಿಬಿಟ್ಟೆ, ಅಧ್ಯಕ್ಷೆಯೇ ಮಾದರಿಯಾಗಬೇಕಲ್ಲ. ಕೇಳುಮನೆಗೆ ಬೀಗ ಬಿತ್ತು. ಗೆಳತಿಯರಿಬ್ಬರೂ ಬೇರೆ ಬೇರೆ ತೆಪ್ಪದವರು, ಅವ್ವನಿಗೆ ಮೊಣಕಾಲು ನೋವು, ಮಾಬೂಬಿಗೆ ಕಣ್ಣು ಮಂದ. ಭೇಟಿ ವಾರದಿಂದ ತಿಂಗಳಿಗೆ ಹೋಯಿತು, ತಿಂಗಳಿಂದ ಹಬ್ಬಕ್ಕೆ ಹೋಯಿತು. ಮೂರನೇ ವರ್ಷದ ಬೇಸಿಗೆಯಲ್ಲಿ ಮಾಬೂಬಿ ತೀರಿಕೊಂಡಳು. ಇಷ್ಟೂ ಕಾಲ ಕೇಂದ್ರದವರು ಕರೆಗಳನ್ನು ಚೆನ್ನಾಗಿಯೇ ಕೇಳುತ್ತಿದ್ದರು, ಏಕೆಂದರೆ ಕರೆಗಳೆಲ್ಲ ಸಂತೆ, ಟಾಕೀಜು, ಹತ್ತಿ ಪೇಟೆಯಂಥ ದೊಡ್ಡ ಹೆಸರುಗಳ ಮೇಲಿಂದಲೇ ಬಂದವು. ಅವು ನಕ್ಷೆಯಲ್ಲಿದ್ದವು.

ಮಾರನೇ ವರ್ಷ, ಒಂದು ಮಧ್ಯಾಹ್ನ, ಎಪ್ಪತ್ತೊಂದು ವರ್ಷದ ಅವ್ವ, ದಿನಕ್ಕೊಂದು ಕಡೆ ಬಿಡುತ್ತಿದ್ದ ಬಲೆಯನ್ನು ಎತ್ತಲು ಒಬ್ಬಳೇ ಹೋಗಿದ್ದಳು. ತುಂತುರು ಹಿಡಿದು ದಡ ಕಾಣದಂತಾಯಿತು, ಗಾಳಿಗೆ ದೋಣಿಯ ಹಲಗೆ ಬಿಟ್ಟಿತು. ಅವಳು ಗುಂಡನ್ನು ಎರಡು ಸಲ ಅದುಮಿದಳು. ಕೇಂದ್ರದಲ್ಲಿ ಕರೆ ತೆಗೆದುಕೊಂಡ ಹುಡುಗಿಯ ಹೆಸರು ವಾರಿಜಾ. ಆ ಹುಡುಗಿ ಪ್ರತಿ ಮಾತನ್ನೂ ಬರೆದುಕೊಂಡಿದ್ದಾಳೆ, ಅದರ ಪ್ರತಿ ನನ್ನ ಎದುರಿಗಿದೆ. ಅವ್ವ ಹೇಳಿದ್ದು ಇಷ್ಟು: "ಸಾಣಿ ಹುಚ್ಚಪ್ಪನ ಕಟ್ಟಿ ಮ್ಯಾಲ ಅದೀನಿ. ದೋಣ್ಯಾಗ ನೀರ ಬರಾಕತ್ತೈತಿ." ಚಾಕು, ಕತ್ತರಿ ಸಾಣೆ ಹಿಡಿಯುತ್ತಿದ್ದ ಯಾರೋ ಒಬ್ಬ ಹುಚ್ಚಪ್ಪ, ಅವನು ಕೂಡುತ್ತಿದ್ದ ಯಾವುದೋ ಒಂದು ಕಟ್ಟೆ. ನಕ್ಷೆಯಲ್ಲಿ ಅದು ಇರಲಿಲ್ಲ. ಬೇರೆ ಗುರುತು ಏನಾದರೂ ಹೇಳಿ ಎಂದು ವಾರಿಜಾ ನಾಲ್ಕು ಸಲ ಕೇಳಿದಳು. ನಾಲ್ಕನೇ ಸಲ ಅವಳ ದನಿ ನಡುಗಿತೆಂದು ಕಾಣುತ್ತದೆ, ಅವ್ವನೇ ಅವಳಿಗೆ ಸಮಾಧಾನ ಹೇಳಿದ್ದಾಳೆ.

"ಗಾಬರಿ ಆಗಬ್ಯಾಡ ಮಗಳ. ಅಲ್ಲೇ ಬಾಜೂಕ ಕುಂತಾರಲ್ಲ, ಅವರನ್ನ ಕೇಳು, ಹೇಳ್ತಾರ."

ವಾರಿಜಾ ಪಕ್ಕಕ್ಕೆ ನೋಡಿದಳಂತೆ. ಆ ದೊಡ್ಡ ಹಾಲಿನಲ್ಲಿ ಇನ್ನೂರು ಜನ ಕೂತಿದ್ದರು, ನಮ್ಮ ಊರಿನವರು ಒಬ್ಬರೂ ಇರಲಿಲ್ಲ. ಅವಳು ತಡಮಾಡದೆ ನಮ್ಮ ದೋಣಿಕಟ್ಟೆಗೆ ಸುದ್ದಿ ಕಳಿಸಿದಳು. ನಾನು ಅಲ್ಲಿಯೇ ಇದ್ದೆ. ಇಂಜಿನು ಶುರುವಾಗಿತ್ತು, ಹಗ್ಗ ನನ್ನ ಕೈಯಲ್ಲಿತ್ತು. ದೋಣಿ ನಡೆಸುವ ರಾಜೇಸಾಬ ನನ್ನ ಮುಖ ನೋಡಿ, "ಎತ್ತಾಗ ಬಿಡ್ಲಿ, ಅಕ್ಕಾ?" ಎಂದು ಕೇಳಿದ. ಆ ಹೆಸರನ್ನು ನಾನು ಕೇಳಿದ್ದೆ. ಚಾಪೆಯ ಮೇಲೆ ಮಲಗಿ, ಅರೆನಿದ್ದೆಯಲ್ಲಿ, ಹತ್ತಾರು ಸಲ ಕೇಳಿದ್ದೆ. ಅದು ಎಲ್ಲಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ದೋಣಿಕಟ್ಟೆಯ ಮೇಲೆ ನೆರೆದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದ್ದ ದೋಣಿಗಳೆಲ್ಲ ದಿಕ್ಕಿಗೊಂದರಂತೆ ಹೋದವು. ಮೂರನೇ ದಿನ ಅವ್ವನ ದೋಣಿ ದಡದ ಆಪುಹುಲ್ಲಿನಲ್ಲಿ ಸಿಕ್ಕಿಕೊಂಡದ್ದು ಕಂಡಿತು. ಅವಳು ಸಿಗಲಿಲ್ಲ.

ತಿಂಗಳ ನಂತರ ವಾರಿಜಾ ಎರಡು ದಿನದ ದಾರಿ ನಡೆದು ನನ್ನನ್ನು ನೋಡಲು ಬಂದಳು. ತಪ್ಪು ತನ್ನದೆಂದು ಅತ್ತಳು. ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ, ಅವಳು ಕೇಳಬೇಕಾದದ್ದನ್ನೆಲ್ಲ ಕೇಳಿದ್ದಳು. ಆ ಮಧ್ಯಾಹ್ನ ಕೇಳುಮನೆ ತೆರೆದಿದ್ದರೆ ಅಲ್ಲಿ ಕೂತವರಿಗೆ, ಮಾಬೂಬಿಯ ಪಕ್ಕ ಎಂದೋ ಒಂದು ಸಲ ಕೂತು ಬೇಸರದಿಂದಲಾದರೂ ಅವಳ ಮಾತು ಕೇಳಿಸಿಕೊಂಡ ಯಾರಿಗಾದರೂ, ಆ ಜಾಗ ಗೊತ್ತಿರುತ್ತಿತ್ತು. ನಾವು ಕಿವಿಪಾಲನ್ನು ಕರೆಗೆ ಕೊಡುವ ಶುಲ್ಕ ಎಂದುಕೊಂಡಿದ್ದೆವು. ಕರೆ ಬಾರದ ಹೊತ್ತಿನಲ್ಲಿ ಅಲ್ಲಿ ಊರನ್ನು ಒಬ್ಬರಿಂದೊಬ್ಬರು ಕಲಿಯುತ್ತಿದ್ದರು. ಅವ್ವ ಸಭೆಯಲ್ಲಿ ಕೇಳಿದ್ದು ಇದನ್ನೇ. ಆ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವ ಬದಲು ನಾನು ಅದಕ್ಕೊಂದು ತಲೆಬರಹ ಕೊಟ್ಟು ಮುಗಿಸಿದೆ. ಈ ಸಂಕಟವನ್ನು ಯಾವ ಭಾಷೆಯಲ್ಲಿ ಬರೆಯಬೇಕೋ ನನಗೆ ತಿಳಿಯದು.

ಹೋದ ತಿಂಗಳು ಬದಲಿಪಾಲನ್ನು ರದ್ದು ಮಾಡಿದೆವು. ಒಂದೇ ಸಾಲಿನ ಠರಾವು, ಎಲ್ಲರೂ ಕೈ ಎತ್ತಿದರು. ಕೇಳುಮನೆಯ ಬೀಗ ತೆಗೆದು, ಕಸ ಗುಡಿಸಿ, ಹೊಸ ಚಾಪೆ ಹಾಸಿದ್ದೇವೆ. ಜನ ಪ್ರಾಮಾಣಿಕವಾಗಿ ಬಂದು ಇಬ್ಬಿಬ್ಬರಾಗಿ ಕೂಡುತ್ತಾರೆ. ಆದರೆ ಸುಮ್ಮನೆ ಕೂಡುತ್ತಾರೆ, ಕೆಳಗಿನ ಊರಿನ ಬಗ್ಗೆ ಜಗಳವಾಡಲು ಅವರಿಗೆ ಏನೂ ಗೊತ್ತಿಲ್ಲ. ಮನೆ ಮನೆ ತಿರುಗಿ ಮರೆತ ತಳಹೆಸರುಗಳ ಪಟ್ಟಿ ಮಾಡಿದೆ. ಹೆಸರು ಉಳಿದು ಜಾಗ ಕಳೆದುಹೋದವು ಮೂವತ್ತೇಳು ಸಿಕ್ಕವು. ಪಟ್ಟಿ ಇದರ ಜೊತೆಗಿದೆ.

ನನ್ನ ಕೋರಿಕೆ ಇದು. ಗುಡ್ಡದ ಪೂರ್ವಕ್ಕೆ ಒಂದು ದೊಡ್ಡ ಕರಿಬಂಡೆ ಇದೆಯಲ್ಲ, ಅದು ನಿಮ್ಮ ಕಾಲದಲ್ಲೂ ಒಣಗಿದೆ, ನಮ್ಮ ಕಾಲದಲ್ಲೂ ಒಣಗಿದೆ. ನೀವು ಅಲ್ಲಿ ಕೆತ್ತಿದ್ದು ನಮಗೆ ಕಾಣುತ್ತದೆ. ದಿನವೂ ಬೆಳಿಗ್ಗೆ ಪಾವಟಿಗೆ ಹತ್ತಿ ಹೋಗಿ ನೋಡಿ ಬರುತ್ತಿದ್ದೇನೆ. ಬಂಡೆಯಿಂದ ಪ್ರತಿ ಜಾಗಕ್ಕೂ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿ, ಅಲ್ಲಿ ಕೆತ್ತಿಸಿ. ಮೂವತ್ತಾರು ಜಾಗಗಳು ಮಂಡಳಿಯ ಕೆಲಸಕ್ಕೆ, ನಿಧಾನವಾದರೂ ನಡೆಯುತ್ತದೆ. ಸಾಣೆ ಹುಚ್ಚಪ್ಪನ ಕಟ್ಟೆಯನ್ನು ಮೊದಲು ಕೆತ್ತಿಸಿ, ಅದು ನನಗೆ. ನೀರಿಗೆ ಹೋದವರು ಕೊನೆಯ ಮಾತಾಡಿದ ಜಾಗದಲ್ಲಿ ಒಂದು ತೇಲುಗಂಬ ನಿಲ್ಲಿಸಿ, ವರ್ಷಕ್ಕೊಮ್ಮೆ ಅಲ್ಲಿಗೆ ಬುತ್ತಿ ಒಯ್ಯುವುದು ನಮ್ಮ ಪದ್ಧತಿ. ಎರಡು ವರ್ಷವಾಯಿತು, ನಾನು ಬುತ್ತಿ ಕಟ್ಟಿಕೊಂಡು ದೋಣಿ ಹತ್ತುತ್ತೇನೆ, ಎತ್ತ ಹೋಗಬೇಕೆಂದು ತಿಳಿಯದೆ ಇಳಿಯುತ್ತೇನೆ.

ಹುಚ್ಚಪ್ಪ ಈಗ ನಿಮ್ಮ ನಡುವೆ ಇದ್ದರೆ ಅವನಿಗೆ ಏನೂ ಹೇಳಬೇಡಿ, ಪಾಪ, ಹೆದರಿಯಾನು. ಒಂದು ಕತ್ತರಿ ತೆಗೆದುಕೊಂಡು ಹೋಗಿ ಸಾಣೆಗೆ ಕೊಡಿ. ಬಂಡೆಯಿಂದ ಅಲ್ಲಿಯವರೆಗೆ ಹೆಜ್ಜೆ ಎಣಿಸುವುದನ್ನು ಮಾತ್ರ ಮರೆಯಬೇಡಿ. ಕೆಲಸ ಮುಗಿಯುವ ತನಕ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂಡಿ. ನೀವು ಕೂತ ಜಾಗದ ನೇರಕ್ಕೆ, ತಲೆಯ ಮೇಲೆ ಬಹಳ ಎತ್ತರದಲ್ಲಿ, ನಮ್ಮವ್ವ ದೋಣಿ ನಿಲ್ಲಿಸಿಕೊಂಡು ನಾನು ಬರುವುದನ್ನು ಕಾಯುತ್ತಿದ್ದಾಳೆ.