ಬಾಲವಿಲ್ಲದ ಮೀನು

ಪ್ರೀತಿಯ ವಿಜ್ಞಾನದ ಟೀಚರ್‌ಗೆ,

ನಿಮ್ಮ ಅಮ್ಮ ಈಗ ಎದ್ದು ಓಡಾಡುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು. ಪಟ್ಟಣದ ಶಾಲೆಯಲ್ಲೇ ನಿಮಗೆ ಕೆಲಸ ಸಿಕ್ಕಿದ್ದೂ ತಿಳಿಯಿತು. ಒಳ್ಳೆಯದಾಯಿತು, ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಇಲ್ಲಿ ಬಡಗಿ ಕೊನೆಗೂ ಬಂದು ನಿಮ್ಮ ಕೋಣೆಗೆ ಚಿಲಕ ಹಾಕಿದ, ಒಳಗಲ್ಲ, ಹೊರಗೆ. ಟೀಚರುಗಳನ್ನು ಕೂಡಿಹಾಕಿಕೊಳ್ಳುವ ಯೋಚನೆಯೋ ಏನೋ!

ಒಂದು ಸಹಾಯ ಬೇಕಿತ್ತು. ಹೊರಡುವ ದಿನ ನೀವು ಕಪ್ಪು ಹಲಗೆಯ ತುಂಬ ಮೀನಿನ ಚಿತ್ರ ಬರೆಯುತ್ತಿದ್ದಿರಿ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. "ಬಾಲ ಸೋಮವಾರ ಬರೀತೀನಿ, ಯಾರೂ ಅಳಿಸ್ಬೇಡಿ" ಎಂದು ಮಕ್ಕಳಿಗೆ ಹೇಳಿ ಬಸ್ಸು ಹತ್ತಿದಿರಿ.

ಯಾರೂ ಅಳಿಸಿಲ್ಲ. ನಾನೂ ಹಲಗೆಯ ಮೂಲೆಯಲ್ಲೇ ಲೆಕ್ಕ ಬರೆದು ಪಾಠ ಮಾಡುತ್ತಿದ್ದೇನೆ. ನಿಮ್ಮ ಜಾಗಕ್ಕೆ ಬಂದ ಮೇಷ್ಟ್ರು ಡಸ್ಟರ್ ಎತ್ತಿದ್ದೇ ತಡ, ನಿಮ್ಮ ಮುದ್ದಿನ ಬಾಯಿಬಡುಕಿ ಹಲಗೆಗೆ ಬೆನ್ನು ಕೊಟ್ಟು ನಿಂತಳು. "ಮುಟ್ಬೇಡಿ ಸಾರ್, ನಮ್ಮ ಮಿಸ್ ಬರ್ತಾರೆ." ಮೇಷ್ಟ್ರು ತಂದ ಪೆಟ್ಟಿಗೆಯನ್ನೇ ಬಿಚ್ಚಲಿಲ್ಲ. "ನಾನಿಲ್ಲಿ ಯಾರಿಗೂ ಬೇಡ ಬಿಡಿ" ಎಂದು ವಾರದೊಳಗೆ ಹೊರಟುಹೋದರು.

ಈಗ ಇನ್ನೊಬ್ಬರನ್ನು ಕಾಡಿ ಬೇಡಿ ಒಪ್ಪಿಸಿದ್ದೇನೆ. ಇವರೂ ನಿಲ್ಲದಿದ್ದರೆ ಮೇಲಿನವರು ಶಾಲೆಯನ್ನೇ ಮುಚ್ಚುತ್ತಾರೆ. ದಯವಿಟ್ಟು ನಿಮ್ಮ ಕೈಯಾರೆ ಮಕ್ಕಳಿಗೆ ಎರಡು ಸಾಲು ಬರೆಯಿರಿ. ಮೀನನ್ನು ಅಳಿಸಬಹುದು, ಹೊಸ ಟೀಚರ್ ಬೇರೆ ಮೀನು ಬರೆದುಕೊಡುತ್ತಾರೆ ಎಂದರೆ ಸಾಕು.

ಮುಂದೆ ಯಾವಾಗಲಾದರೂ ಬರುತ್ತೇನೆ ಎಂದು ಮಾತ್ರ ಉಪಚಾರಕ್ಕೂ ಬರೆಯಬೇಡಿ. ಮಕ್ಕಳು ನಂಬಿಬಿಡುತ್ತಾರೆ.

ನಾನೂ ನಂಬಿಬಿಡುತ್ತೇನೆ.

ನಿಮ್ಮ
ಹೆಡ್ ಮಿಸ್