ನಾಲಿಗೆ ಚಾಚಿದ ತಪ್ಪಿಗೆ ನೋಟಿಸು

ಶಾಲಾ ತಪಾಸಣೆಗೆ ಬಂದು ಹೋದ ಮಾನ್ಯ ಅಧಿಕಾರಿಗಳೇ,

ನಮ್ಮೂರ ಶಾಲೆಯ ಯಶೋಧರಾ ಮೇಡಂಗೆ ತಾವು ಕೊಟ್ಟಿರುವ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಮೊದಲೇ ಹೇಳಿಬಿಡುತ್ತೇನೆ, ಇದು ಮನವಿಯಲ್ಲ.

'ಮಕ್ಕಳಿಂದ ನಾಲಿಗೆ ಹೊರಚಾಚಿಸಿ, ವಿಚಿತ್ರ ಧ್ವನಿ ಹೊರಡಿಸಿ, ತರಗತಿಯ ಶಿಸ್ತಿಗೆ ಧಕ್ಕೆ ತಂದಿರುತ್ತೀರಿ' ಎಂದು ಬರೆದಿದ್ದೀರಿ. ಹೌದು, ಆ ದಿನ ನಾಲ್ಕನೇ ತರಗತಿಯ ಮಕ್ಕಳು ಕನ್ನಡಿ ಹಿಡಿದು ನಾಲಿಗೆ ಚಾಚಿದ್ದರು. ಕ ಅಂದರೆ ಗಂಟಲ ಹತ್ತಿರ, ತ ಅಂದರೆ ಹಲ್ಲಿನ ಹಿಂದೆ, ಪ ಅಂದರೆ ತುಟಿಯಲ್ಲಿ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಮ್ಮ ವರ್ಣಮಾಲೆ ಜೋಡಿಸಿದ ಹಿರಿಯರೂ ಬಾಯಿಯೊಳಗೆ ಇಣುಕಿ ನೋಡಿಯೇ ಅಕ್ಷರಗಳನ್ನು ಸಾಲಾಗಿ ಕೂರಿಸಿದವರು. ಅವರಿಗೂ ಕಾರಣ ಕೇಳಿ ನೋಟಿಸು ಕಳಿಸುತ್ತೀರಾ? 'ಹಂಗೆ' ಎನ್ನಲು 'ಅಂಗೆ' ಎಂದ ಹುಡುಗಿಯನ್ನು ಕಂಡು ತಾವು ನಕ್ಕಿರಂತೆ. ಮೇಡಂ ನಗಲಿಲ್ಲ. ಮನೆಯ ಮಾತು ಮನೆಗಿರಲಿ ಎಂದು ಅವಳ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಬಿಸಿಯುಸಿರು ತಾಕಿದರೆ ಹ, ತಾಕದಿದ್ದರೆ ಅ ಎಂದು ತೋರಿಸಿಕೊಟ್ಟರು. ಶಿಸ್ತು ಕೆಟ್ಟದ್ದು ಯಾರಿಂದ?

ಇಷ್ಟು ಸಿಟ್ಟು ನನಗೇಕೆ ಎಂದರೆ, ಆ ಪಾಠ ಹೋದ ವರ್ಷ ನಮ್ಮ ಮನೆಗೂ ಬಂದಿತ್ತು.

ಕ್ಯಾತನಹಳ್ಳಿಯ ಆಸುಪಾಸಿನಲ್ಲಿ ಮೂವತ್ತು ವರ್ಷದಿಂದ ಆಲೆಮನೆ ನಡೆಸುತ್ತಿರುವವನು ನಾನು. ಬೆಲ್ಲದ ಪಾಕ ಹದಕ್ಕೆ ಬಂತೋ ಇಲ್ಲವೋ ಎಂಬುದಕ್ಕೆ ನನ್ನ ನಾಲಿಗೆಯೇ ತಕ್ಕಡಿ. ಎರಡು ವರ್ಷದಿಂದ ಬೆಲ್ಲ ಸಪ್ಪೆ ಅನ್ನಿಸುತ್ತಿತ್ತು. ಗೊಬ್ಬರ ಸುರಿದು ಭೂಮಿ ಕೆಟ್ಟಿದೆ ಎಂದು ಊರಿನವರನ್ನೆಲ್ಲ ಬೈಯುತ್ತಿದ್ದೆ. ಒಂದು ಸಂಜೆ ಮೊಮ್ಮಗಳು ದೀಪ ನಾಲ್ಕು ಬಟ್ಟಲು ತಂದು ಎದುರಿಗೆ ಕುಳಿತಳು.

"ತಾತ, ಕಣ್ಣು ಮುಚ್ಕೊ. ಬಾಯಿ ತಗಿ. ಮಿಸ್ಸು ಮನೇಲಿ ಒಬ್ಬರ ನಾಲಿಗೆ ನೋಡ್ಕೊಂಡು ಬನ್ನಿ ಅಂದವ್ರೆ."

ನಾಲಿಗೆಯ ಎಡಗಡೆ ಏನನ್ನೋ ಇಟ್ಟಳು.

"ಏನು ಏಳು?"

"ಏನೂ ಇಟ್ಟೇ ಇಲ್ವಲ್ಲವ್ವ."

"ಉಪ್ಪು ಕಣ್ ತಾತ! ಇಷ್ಟೊಂದು ಉಪ್ಪು ಇಟ್ಟಿವ್ನಿ!"

ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದಳು. ನಾನು ಹೊಗೆಸೊಪ್ಪು ಒತ್ತರಿಸಿಕೊಳ್ಳುವ ಕಡೆ, ನಾಲಿಗೆಯ ಅಂಚಿನಲ್ಲಿ ಬಿಳಿ ಮಚ್ಚೆ, ಅದರ ನಡುವೆ ಹುಣ್ಣು. ನೋವಿರಲಿಲ್ಲವಾದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. "ಬುಡವ್ವ, ಸುಣ್ಣ ಸುಟ್ಟಿರಬೇಕು" ಎಂದೆ. ಅವಳು ಬಿಡಲಿಲ್ಲ. ಎರಡು ವಾರ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಬೇಕೆಂದು ಮೇಡಂ ಹೇಳಿದ್ದರಂತೆ. ದಿನಾ ಬೆಳಿಗ್ಗೆ ಬಾಯಿ ತೆಗೆಸಿದಳು. ಹದಿನೈದನೇ ದಿನ ಅಳುತ್ತಾ ಮೇಡಮ್ಮನ್ನೇ ಮನೆಗೆ ಕರೆತಂದಳು. ಅವರೆದುರು ಇಲ್ಲವೆನ್ನಲಾಗದೆ ಮೈಸೂರಿಗೆ ಹೋದೆ.

ಕ್ಯಾನ್ಸರು. "ಇನ್ನಾರು ತಿಂಗಳು ಬಿಟ್ಟು ಬಂದಿದ್ರೆ ನಾಲಿಗೆ ಉಳಿಸೋಕೆ ಆಗ್ತಿರಲಿಲ್ಲ" ಎಂದರು ಡಾಕ್ಟರು. ಎಡಗಡೆಯ ಒಂದು ಚೂರು ಕೊಯ್ದು ತೆಗೆದರು.

ಮನೆಗೆ ಬಂದ ದಿನ ಮಗುವನ್ನು ಕರೆಯಲು ಬಾಯಿ ತೆರೆದೆ. 'ಈಪ' ಎಂದಿತು ಬಾಯಿ. ಆಲೆಮನೆಯ ಗದ್ದಲದಲ್ಲೂ ಕೇಳುವಂತೆ ಕೂಗಾಡಿದ ಗಂಟಲು ನನ್ನದು. ಒಂದು ಹೆಸರು ಕರೆಯಲಾರದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಮತ್ತೆ ಕನ್ನಡಿ ತಂದವಳು ಅವಳೇ.

"ತುದಿ ಹಲ್ಲಿಗೆ ತಾಕಿಸು ತಾತ. ಈಗ ಗಂಟಲು ಮುಟ್ಕೊ. ಗುಂಯ್ ಅನ್ನಬೇಕು. ಅನ್ನು, ದ."

ಆಸ್ಪತ್ರೆಯವರು ಹೇಳಿಕೊಟ್ಟ ಅಭ್ಯಾಸವೂ ಅದೇ ಆಗಿತ್ತು. ನಲವತ್ತು ದಿನ ಅವಳ ಮುಂದೆ ಕುಳಿತು ಅಕ್ಷರ ತಿದ್ದಿದೆ. ಒಂದು ಬೆಳಿಗ್ಗೆ ಅವಳು ಜಡೆ ಹಾಕಿಸಿಕೊಳ್ಳುತ್ತಿದ್ದಾಗ 'ದೀಪ' ಎಂದೆ. ಅವಳು ಅರ್ಧ ಜಡೆಯಲ್ಲೇ ಎದ್ದು ಓಡಿಬಂದಳು.

ಹೇಳಿ ಮಾನ್ಯರೇ, ಇದರಲ್ಲಿ ಯಾವುದು ವಿಚಿತ್ರ ಧ್ವನಿ? ಸಕ್ಕರೆ ಸೀಮೆಯ ಮಕ್ಕಳ ಹಲ್ಲು ಹುಳುಕಾಗಿ ಉದುರುವಾಗ, ಹಲ್ಲಿನ ಚಿತ್ರ ಬಿಡಿಸಿ ಬಣ್ಣ ಹಚ್ಚಿದರೆ ಸಾಕೆ? ಸ್ವಂತ ಬಾಯನ್ನು ನೋಡಿಕೊಳ್ಳುವುದು ಯಾವ ನಿಯಮಕ್ಕೆ ವಿರುದ್ಧ?

ನಿಮ್ಮ ಕಾಗದ ಬಂದ ದಿನದಿಂದ ಮೇಡಂ ಕನ್ನಡಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ನೋಟಿಸು ರದ್ದಾಗಬೇಕು. ರದ್ದಾದ ಕಾಗದವನ್ನು ತಾವೇ ಬಂದು, ಅದೇ ತರಗತಿಯಲ್ಲಿ, ಮಕ್ಕಳ ಮುಂದೆ ಓದಬೇಕು. ಅಲ್ಲಿಯವರೆಗೆ ಪ್ರತಿ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಈ ಪಾಠ ನನ್ನ ಆಲೆಮನೆಯ ಅಂಗಳದಲ್ಲಿ ನಡೆಯುತ್ತದೆ. ಹೋದ ವಾರ ಹನ್ನೊಂದು ಮಕ್ಕಳು ಬಂದಿದ್ದರು, ಜೊತೆಗೆ ಆರು ಜನ ತಾಯಂದಿರು. ಕೊಯ್ದ ನಾಲಿಗೆ ಚಾಚಿ ತೋರಿಸಿ ಪಾಠ ಹೇಳುವವನು ನಾನು. ನನಗೆ ಬಡ್ತಿಯಿಲ್ಲ, ವರ್ಗಾವಣೆಯಿಲ್ಲ. ಯಾವ ನೋಟಿಸು ಕೊಡುತ್ತೀರೋ ಕೊಡಿ.

ಇಂತಿ,
ವಿಧೇಯ ಎಂದು ಬರೆಯಲು ಮನಸ್ಸು ಬಾರದ
ಚಿಕ್ಕಸ್ವಾಮಿ
ಅರವತ್ತನಾಲ್ಕು ವರ್ಷ, ಅಕ್ಷರಾಭ್ಯಾಸ ಇನ್ನೂ ನಡೆದಿದೆ